ಕಟ್ಟೋಕೆ ದುಡ್ಡಿದೆ, ನೋಡಿಕೊಳ್ಳೋಕೆ ಇಲ್ಲ: ಪುರಸಭೆ ಬಜೆಟ್ ಪುಸ್ತಕ ಓದಿ

ಪ್ರತಿ ವರ್ಷ ಫೆಬ್ರವರಿ-ಮಾರ್ಚ್ ಬಂತೆಂದರೆ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತೆ. ಇಂಥ ಊರಿನ ಪುರಸಭೆಯಿಂದ ಇಷ್ಟು ಲಕ್ಷ ರೂಪಾಯಿ ಉಳಿತಾಯ ಬಜೆಟ್ ಮಂಡನೆ. ಪಕ್ಕದಲ್ಲಿ ಅಧ್ಯಕ್ಷರು, ಮುಖ್ಯಾಧಿಕಾರಿ, ಸದಸ್ಯರು ಪುಸ್ತಕ ಹಿಡಿದು ನಿಂತ ಫೋಟೊ. ಓದಿದವರು ಪುರಸಭೆ ಹತ್ತಿರ ದುಡ್ಡು ಮಿಕ್ಕಿದೆ ಅಂದುಕೊಳ್ಳುತ್ತಾರೆ. ಮಿಕ್ಕಿದ್ದರೆ ನಮ್ಮ ಓಣಿ ಚರಂಡಿ ಯಾಕೆ ಹೀಗಿದೆ ಅಂತ ಬೈಯುತ್ತಾರೆ. ಆ ಪುಸ್ತಕವನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ.

ನಾನು ನೋಡಿದ್ದೇನೆ. ನನ್ನ ಕೆಲಸವೇ ಲೆಕ್ಕ ಬರೆಯುವುದು, ಬಜಾರಿನ ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುವುದು. ಕೊಪ್ಪಳ ಜಿಲ್ಲೆಯ ಒಂದು ಪುರಸಭೆ ಊರು ನಮ್ಮದು. ಊರಿನ ಹೆಸರು ಬೇಡ, ಯಾಕಂದ್ರೆ ನಾನು ಹೇಳಹೊರಟಿರುವುದು ರಾಯಚೂರು ಕಡೆಯ ಊರುಗಳಿಗೂ, ಬಳ್ಳಾರಿ ಕಡೆಯ ಊರುಗಳಿಗೂ ಹೆಚ್ಚುಕಮ್ಮಿ ಹೊಂದುತ್ತೆ. ನಮ್ಮ ರಾಜ್ಯದಲ್ಲಿ 20 ಸಾವಿರದಿಂದ 50 ಸಾವಿರದವರೆಗೆ ಜನ ಇರುವ ಊರಿಗೆ ಪುರಸಭೆ, ಅದಕ್ಕಿಂತ ಚಿಕ್ಕದಕ್ಕೆ ಪಟ್ಟಣ ಪಂಚಾಯಿತಿ, 50 ಸಾವಿರ ದಾಟಿದರೆ ನಗರಸಭೆ. ಮೂರಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಆಧಾರ. ಬಜೆಟ್ಟಿನ ನಮೂನೆಯೂ ಒಂದೇ.

ಪುಸ್ತಕ ತೆರೆದರೆ ಮೊದಲು ಕಾಣುವುದು ಆರಂಭಿಕ ಶಿಲ್ಕು, ಅಂದರೆ ಹಿಂದಿನ ವರ್ಷದಿಂದ ಉಳಿದು ಬಂದ ಹಣ. ಆಮೇಲೆ ರಾಜಸ್ವ, ಬಂಡವಾಳ, ಅಸಾಮಾನ್ಯ ಅಂತ ಮೂರು ಭಾಗ. ರಾಜಸ್ವ ಅಂದರೆ ವರ್ಷ ವರ್ಷ ಬರುವ ಆದಾಯ ಮತ್ತು ದಿನನಿತ್ಯದ ಖರ್ಚು. ಬಂಡವಾಳ ಅಂದರೆ ರಸ್ತೆ, ಕಟ್ಟಡ, ಪೈಪ್‌ಲೈನ್ ಹಾಕಲು ಬರುವ ಅನುದಾನ ಮತ್ತು ಅದರ ಖರ್ಚು. ಅಸಾಮಾನ್ಯ ಅನ್ನುವ ಭಾಗದಲ್ಲಿ ಇರುವುದು ಬಹುತೇಕ ಬಂದು ಹೋಗುವ ದುಡ್ಡು. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿಸಿ ಕಟ್ಟುತ್ತೇವಲ್ಲ, ಅದು ಪುರಸಭೆಯದಲ್ಲ, ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ಗುತ್ತಿಗೆದಾರರ ಠೇವಣಿಯೂ ಹಾಗೆಯೇ, ಒಂದು ದಿನ ವಾಪಸ್ ಕೊಡಬೇಕಾದ ದುಡ್ಡು. ಇವೆಲ್ಲ ಕೂಡಿ ಬಜೆಟ್ಟಿನ ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತೆ. ಪೇಪರಿನಲ್ಲಿ ಬರುವುದು ಆ ದೊಡ್ಡ ಮೊತ್ತವೇ.

ಇನ್ನು ಉಳಿತಾಯ. ನಮ್ಮೂರಿನ ಪುಸ್ತಕದಲ್ಲಿ ಆ ಉಳಿತಾಯ ಎಲ್ಲಿಂದ ಬಂತು ಅಂತ ಹುಡುಕಿದರೆ, ಖರ್ಚೇ ಆಗದೆ ಕೂತ ಹಣ ಅದು. ಸ್ವಂತ ನಿಧಿಯಲ್ಲೂ, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತ ನಿಧಿಯಲ್ಲೂ, ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಹಾಕದ ಹಣದಲ್ಲೂ, ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡ ಕುಟುಂಬಗಳಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು ಅಂತ ನಿಯಮ ಇದೆ. ಮೀಸಲಿಟ್ಟಿದ್ದಾರೆ. ಅರ್ಜಿ ಕರೆದದ್ದು ತಡ, ಫಲಾನುಭವಿ ಪಟ್ಟಿ ಆದದ್ದು ಇನ್ನೂ ತಡ, ಮಾರ್ಚ್ 31 ದಾಟಿಹೋಯಿತು, ದುಡ್ಡು ಮುಂದಿನ ವರ್ಷದ ಶಿಲ್ಕಿಗೆ ಸೇರಿತು. ಒಬ್ಬ ಹುಡುಗನಿಗೆ ಸಿಗಬೇಕಾದ ತ್ರಿಚಕ್ರ ವಾಹನದ ಹಣ ಪುಸ್ತಕದಲ್ಲಿ ಉಳಿತಾಯ ಅಂತ ಕೂತಿರುತ್ತೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು.

ಆದರೆ ನಾನು ಇದನ್ನೆಲ್ಲ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ನಮ್ಮೂರಿಗೆ ಹೊಸದು ಕಟ್ಟಲು ದುಡ್ಡು ಬರುತ್ತೆ. ಕಟ್ಟಿದ್ದನ್ನು ನೋಡಿಕೊಳ್ಳಲು ಬರುವುದಿಲ್ಲ. ಪಾರ್ಕಿಂಗ್ ಸಮಸ್ಯೆ, ಒಣಗಿದ ಗಿಡ, ಮತ್ತೆ ಹೂಳು ತುಂಬಿದ ಹಳ್ಳ, ಎಲ್ಲದರ ಬೇರು ಇಲ್ಲೇ ಇದೆ.

ಹೇಗೆ ಅಂತ ನೋಡಿ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷದ್ದಾಗಿತ್ತು. ನಮ್ಮಂಥ ಸಣ್ಣ ಊರುಗಳಿಗೆ ಅದರಲ್ಲಿ ಶೇ 40ರಷ್ಟು ಮಾತ್ರ ಮುಕ್ತ ಹಣ ಇತ್ತು. ಶೇ 30 ಕುಡಿಯುವ ನೀರಿಗೆ, ಇನ್ನೊಂದು ಶೇ 30 ನೈರ್ಮಲ್ಯ ಮತ್ತು ಕಸದ ಕೆಲಸಕ್ಕೇ ಅಂತ ಕಟ್ಟಿಹಾಕಿದ್ದು. ನೀರಿಗೆ, ಕಸಕ್ಕೆ ಹಾಗೆ ಕಟ್ಟಿಹಾಕಿದ್ದು ಸರಿಯೇ ಅಂತ ನನ್ನ ಅಭಿಪ್ರಾಯ, ಇಲ್ಲದಿದ್ದರೆ ಎಲ್ಲವೂ ಸಿಸಿ ರಸ್ತೆಗೇ ಹೋಗುತ್ತಿತ್ತು. ಕ್ರಿಯಾ ಯೋಜನೆ ಮಾಡಿ ಜಿಲ್ಲಾಧಿಕಾರಿ ಕಚೇರಿಯಿಂದ ಒಪ್ಪಿಗೆ ಪಡೆಯಬೇಕಿತ್ತು. ರಾಜ್ಯದ ಎಸ್‌ಎಫ್‌ಸಿಯಲ್ಲಿ ನೌಕರರ ಸಂಬಳಕ್ಕೆ ಬೇರೆ, ಬೀದಿದೀಪ ಮತ್ತು ಪಂಪ್‌ಹೌಸಿನ ಕರೆಂಟ್ ಬಿಲ್ಲಿಗೆ ಬೇರೆ ಅಂತ ಮೊದಲೇ ಪಾಲು ಆಗಿರುತ್ತೆ. ರಾಜ್ಯದ ನಗರೋತ್ಥಾನ ಯೋಜನೆಯ ದುಡ್ಡು ಕಾಮಗಾರಿಗೆ. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ಕಲಮಿನ ವಿಶೇಷ ಸ್ಥಾನಮಾನ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಬರುತ್ತೆ, ಅದೂ ಬಹುಪಾಲು ಕಾಮಗಾರಿಗೇ. ಗಣಿ ಇರುವ ಸಂಡೂರು ಕಡೆ ಜಿಲ್ಲಾ ಖನಿಜ ನಿಧಿ ಅಂತ ಇನ್ನೊಂದಿದೆ. ಇಷ್ಟು ದಾರಿಗಳಲ್ಲಿ ಹಣ ಬಂದರೂ, ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವ ಇಬ್ಬರಿಗೆ ಕೂಲಿ ಕೊಡಬೇಕು ಅಂದರೆ ಆ ದುಡ್ಡು ಕೊನೆಗೆ ಪುರಸಭೆಯ ಸ್ವಂತ ಆದಾಯದಿಂದಲೇ ಹುಟ್ಟಬೇಕು.

ಸ್ವಂತ ಆದಾಯ ಅಂದರೆ ಆಸ್ತಿ ತೆರಿಗೆ, ನೀರಿನ ಕರ, ಪುರಸಭೆ ಮಳಿಗೆಗಳ ಬಾಡಿಗೆ, ಸಂತೆ ಹರಾಜು, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ. ನಮ್ಮೂರಿನಲ್ಲಿ ಇವು ಒಂದೊಂದೂ ಸೊರಗಿವೆ. ಆಸ್ತಿ ತೆರಿಗೆಯನ್ನು ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಇದು ಅಂಗಡಿಯವರಿಗೆ ಗೊತ್ತು, ಮನೆ ಇರುವವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಖಾತಾ ಬೇಕಾದಾಗ, ಬ್ಯಾಂಕಿನ ಸಾಲ ಬೇಕಾದಾಗ ಹಿಂದಿನ ವರ್ಷಗಳದ್ದನ್ನೆಲ್ಲ ಒಟ್ಟಿಗೇ ಕಟ್ಟಲು ಓಡುತ್ತಾರೆ. ನೀರಿನ ಕರವಂತೂ ಕೇಳಲೇಬೇಡಿ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬಂದರೆ ಜನ ಯಾಕೆ ಕಟ್ಟುತ್ತಾರೆ, ಕರ ಬರದಿದ್ದರೆ ಪುರಸಭೆ ಮೋಟಾರ್ ರಿಪೇರಿ ಹೇಗೆ ಮಾಡಿಸುತ್ತೆ, ಎರಡೂ ಮಾತು ಖರೇನೇ. ಮಳಿಗೆಗಳ ಕಥೆ ಇನ್ನೊಂದು. ಅವಧಿ ಮುಗಿದ ಮಳಿಗೆಗಳನ್ನು ಮತ್ತೆ ಹರಾಜಿಗೆ ಹಾಕಬೇಕು. ಹಾಕಲು ಹೋದರೆ ಇದ್ದವರು ಕೋರ್ಟಿಗೆ ಹೋಗುತ್ತಾರೆ, ಹಳೇ ಬಾಡಿಗೆಯೇ ನಡೆಯುತ್ತೆ. ಅದೇ ಬಜಾರಿನಲ್ಲಿ ಖಾಸಗಿ ಅಂಗಡಿಗಳ ಬಾಡಿಗೆ ಕರಾರು ಪತ್ರಗಳು ಕೆಲಸದ ಮೇಲೆ ನನ್ನ ಕೈಗೆ ಬರುತ್ತವೆ. ಎರಡರ ನಡುವಿನ ಅಂತರ ನನಗೆ ಚೆನ್ನಾಗಿ ಗೊತ್ತು.

ಈಗ ಪಾರ್ಕಿಂಗ್ ಮಾತು. ಪಾರ್ಕಿಂಗ್ ಅಂದರೆ ಪೊಲೀಸರ ಕೆಲಸ ಅಂತ ನಮ್ಮಲ್ಲಿ ಎಲ್ಲರೂ ತಿಳಿದಿದ್ದಾರೆ. ಸದಸ್ಯರೇ ಹಾಗೆ ಹೇಳುವುದನ್ನು ಕೇಳಿದ್ದೇನೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿಸಿತು. ಊರಿನ ಆಡಳಿತದ ಕೈಗೆ ಬರಬೇಕಾದ 18 ವಿಷಯ ಅದರಲ್ಲಿವೆ. ಅದರ 17ನೇ ಸಾಲಿನಲ್ಲಿ ಬೀದಿದೀಪ, ಬಸ್ ನಿಲ್ದಾಣದ ಜತೆ ವಾಹನ ನಿಲುಗಡೆ ಜಾಗದ ಹೆಸರು ಸ್ಪಷ್ಟವಾಗಿದೆ. 8ನೇ ಸಾಲಿನಲ್ಲಿ ನಗರ ಅರಣ್ಯ ಮತ್ತು ಪರಿಸರ ರಕ್ಷಣೆ. ದಂಡ ಹಾಕುವುದು ಪೊಲೀಸರು, ಒಪ್ಪೋಣ. ಎಲ್ಲಿ ನಿಲ್ಲಿಸಬೇಕು ಅಂತ ಜಾಗ ಮಾಡಿಕೊಡುವುದು ಊರಿನ ಆಡಳಿತದ ಕೆಲಸ. ಮೋಟಾರು ವಾಹನ ಕಾಯ್ದೆಯ 117ನೇ ಕಲಮು ಕೂಡ ನಿಲುಗಡೆ ಜಾಗವನ್ನು ಸ್ಥಳೀಯ ಸಂಸ್ಥೆಯ ಜತೆ ಸಮಾಲೋಚಿಸಿ ಗೊತ್ತುಮಾಡಬೇಕು ಅನ್ನುತ್ತೆ.

ಸಂತೆ ದಿನ ನಮ್ಮ ಬಜಾರಿಗೆ ಬಂದು ನೋಡಿ. ಬಸ್ ಸ್ಟ್ಯಾಂಡಿನಿಂದ ಅಗಸಿವರೆಗೆ ಒಂದೇ ರಸ್ತೆ. ಎಡಕ್ಕೆ ಬೈಕುಗಳ ಒಂದು ಸಾಲು, ಅದರ ಹಿಂದೆ ಇನ್ನೊಂದು ಸಾಲು, ಒಳಗಿನ ಬೈಕ್ ತೆಗೆಯಬೇಕಾದರೆ ಹೊರಗಿನ ಮೂರು ಬೈಕ್ ಎತ್ತಿಡಬೇಕು. ಬಲಕ್ಕೆ ಹಣ್ಣಿನ ತಳ್ಳುಬಂಡಿ, ಮಿರ್ಚಿ ಬಂಡಿ. ನಡುವೆ ಹಳ್ಳಿಗೆ ಹೋಗುವ ಟಂಟಂ ಆಟೊಗಳು ಪ್ಯಾಸೆಂಜರ್ ತುಂಬುವ ತನಕ ನಿಂತಿರುತ್ತವೆ. ಗೊಬ್ಬರದಂಗಡಿ ಮುಂದೆ ಟ್ರ್ಯಾಕ್ಟರ್ ಟ್ರೇಲಿಗೆ ಚೀಲ ಹೇರುತ್ತಿರುತ್ತಾರೆ. ಅದೇ ಹೊತ್ತಿಗೆ ಆಂಬುಲೆನ್ಸ್ ಬಂದರೆ ಅದು ಇಂಚು ಇಂಚೇ ಸರಿಯಬೇಕು. ನನ್ನ ಆಫೀಸಿನ ಮೆಟ್ಟಿಲ ಮೇಲಿಂದ ನೋಡಿದ್ದೇನೆ, ಒಳಗಿದ್ದ ಹೆಣ್ಮಗಳ ತಾಯಿ ಕೆಳಗಿಳಿದು ಬೈಕ್ ಸರಿಸ್ರಿ ಯಪ್ಪಾ ಅಂತ ಕೈ ಮುಗಿಯುತ್ತಾ ಮುಂದೆ ನಡೆದಳು.

ರಸ್ತೆ ಅಗಲ ಮಾಡಬೇಕು ಅನ್ನುತ್ತಾರೆ. ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು, ಪಕ್ಕದ ಚರಂಡಿ ಪುರಸಭೆಯದು, ವಾಹನ ತಡೆಯುವವರು ಪೊಲೀಸರು, ಈ ಮೂವರೂ ಒಂದೇ ಮೇಜಿಗೆ ಕೂತದ್ದು ಅಪರೂಪ. ಅಗಲ ಮಾಡಿದ ಕಡೆಯಲ್ಲೂ ಹೊಸ ಜಾಗಕ್ಕೆ ಬಂದದ್ದು ಇನ್ನೊಂದು ಸಾಲು ಬೈಕ್, ಅದಕ್ಕಾಗಿ ಹೋದದ್ದು ಎರಡು ತಲೆಮಾರಿನ ಬೇವಿನ ಮರಗಳು. ನನ್ನ ಪ್ರಕಾರ ಜಾಗ ಈಗಲೂ ಇದೆ. ಎಲ್ಲಿದೆ ಅಂದರೆ ನೆಲದ ಕೆಳಗಿದೆ. ಬಜಾರಿನ ಹೊಸ ಕಾಂಪ್ಲೆಕ್ಸುಗಳ ನಕ್ಷೆಯಲ್ಲಿ ಕೆಳ ಅಂತಸ್ತು ಪಾರ್ಕಿಂಗ್ ಅಂತ ತೋರಿಸಿ ಪರವಾನಗಿ ತಗೊಂಡಿರುತ್ತಾರೆ. ಆಮೇಲೆ ಅಲ್ಲಿ ಶಟರ್ ಬೀಳುತ್ತೆ. ಜಿಎಸ್‌ಟಿ ನೋಂದಣಿಗೆ ಬರುವ ವಿಳಾಸದಲ್ಲಿ ಬೇಸ್‌ಮೆಂಟ್, ಅಂಗಡಿ ನಂಬರ್ ಇಷ್ಟು ಅಂತ ಬರೆದಿರುತ್ತೆ. ಅದೇ ಕಟ್ಟಡಕ್ಕೆ ಬಂದವರ ಬೈಕು ರಸ್ತೆಯಲ್ಲಿ. ಕಟ್ಟಡ ಮಾಲೀಕರಿಗೆ ಬಾಡಿಗೆ ಬಂತು, ಪುರಸಭೆಗೆ ಉದ್ದಿಮೆ ಪರವಾನಗಿ ಫೀ ಬಂತು, ರಸ್ತೆಯಲ್ಲಿ ನಡೆಯುವವರು ಜಾಗ ಕಳಕೊಂಡರು. ಪರವಾನಗಿ ನಕ್ಷೆ ಪುರಸಭೆಯ ಕಪಾಟಿನಲ್ಲೇ ಇದೆ. ಒಂದು ವಾರ ಒಬ್ಬ ಎಂಜಿನಿಯರ್ ಕೂತು ನಕ್ಷೆ ಮತ್ತು ಜಾಗ ತಾಳೆ ಹಾಕಿದರೆ ಪಟ್ಟಿ ಸಿದ್ಧ. ಇದಕ್ಕೆ ಅನುದಾನ ಬೇಡ, ಮನಸ್ಸು ಬೇಕು.

ಇನ್ನೊಂದು ಲೆಕ್ಕ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಒಂದು ಬೈಕಿಗೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ ಸಾಕು. ಅಂದರೆ ಒಂದು ಕಾರಿನ ಜಾಗದಲ್ಲಿ ಆರು ಬೈಕ್. ನಮ್ಮೂರಿಗೆ ಬರುವವರಲ್ಲಿ ಬೈಕಿನವರೇ ಜಾಸ್ತಿ. ಬಜಾರಿನೊಳಗೆ ಕಾರಿಗೆ ಗಂಟೆಗಿಷ್ಟು ಅಂತ ದುಡ್ಡು ಇಟ್ಟು, ಬೈಕಿಗೆ ಗೆರೆ ಹೊಡೆದು ಪುಕ್ಕಟೆ ಬಿಟ್ಟು, ಒಂದು ದಿನ ಎಡಕ್ಕೆ ಒಂದು ದಿನ ಬಲಕ್ಕೆ ಅಂತ ಮಾಡಿದರೆ ಅರ್ಧ ಗೋಳು ತಪ್ಪುತ್ತೆ. ಬಂದ ದುಡ್ಡನ್ನು ಬೇರೆ ಲೆಕ್ಕ ಶೀರ್ಷಿಕೆಯಲ್ಲಿಟ್ಟು ಅದೇ ರಸ್ತೆಯ ನೆರಳಿಗೆ, ಶೌಚಾಲಯಕ್ಕೆ ಹಾಕಬೇಕು. ವ್ಯಾಪಾರಿಗಳು ಮೊದಲು ಗಲಾಟೆ ಮಾಡುತ್ತಾರೆ, ಗಿರಾಕಿ ಬರಲ್ಲ ಅಂತ. ಅಂಗಡಿ ಮುಂದೆ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತಿರುವ ಕಾರು ಎಷ್ಟೋ ಸಲ ಅಂಗಡಿ ಮಾಲೀಕರದ್ದೇ ಇರುತ್ತೆ, ಗಿರಾಕಿಯದ್ದಲ್ಲ.

ತಳ್ಳುಬಂಡಿಯವರನ್ನು ಎಬ್ಬಿಸಿದರೆ ಪಾರ್ಕಿಂಗ್ ಸರಿಹೋಗುತ್ತೆ ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು. ಸರ್ವೆ ಮಾಡಿ ಜಾಗ ಗುರುತಿಸದೆ ಯಾರನ್ನೂ ಎಬ್ಬಿಸುವಂತಿಲ್ಲ. ಪಾರ್ಕಿಂಗ್ ಗೆರೆ ಹೊಡೆಯುವ ದಿನವೇ ಬಂಡಿಯ ಗೆರೆಯನ್ನೂ ಹೊಡೆಯಬೇಕು. ಬಂಡಿ ಇಟ್ಟುಕೊಂಡು ಮಕ್ಕಳನ್ನು ಓದಿಸುವವರ ಹೊಟ್ಟೆ ಮೇಲೆ ಕಾರು ನಿಲ್ಲಿಸಬಾರದು.

ಗಿಡಗಳ ವಿಷಯಕ್ಕೆ ಬರುತ್ತೇನೆ. ಜೂನ್ 5ಕ್ಕೆ ಗಿಡ ನೆಡುತ್ತೇವೆ. ಬ್ಯಾನರ್, ಫೋಟೊ, ಶಾಲಾ ಮಕ್ಕಳು, ಎಲ್ಲ ಇರುತ್ತೆ, ಇರಲಿ, ಮಕ್ಕಳು ಕೈ ಮಣ್ಣು ಮಾಡಿಕೊಳ್ಳುವುದು ಒಳ್ಳೆಯದೇ. ನಮ್ಮ ಭಾಗದ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಅಕ್ಟೋಬರ್ ಮುಗಿದರೆ ಮುಂದಿನ ಮುಂಗಾರಿನವರೆಗೆ ಹನಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟುತ್ತೆ. ಆ ಗಿಡ ಸಾಯುವುದು ಆಗ. ಪುರಸಭೆಯಲ್ಲಿ ನೀರು ಬಿಡುವ ಕೆಲಸದ ಒಬ್ಬರನ್ನು ಕೇಳಿದೆ, ಅವರು ಹೇಳಿದ್ದು ಇಷ್ಟು: “ಅಣ್ಣಾರ, ಗಿಡ ಹಚ್ಚಾಕ ನೂರು ಮಂದಿ ಬರ್ತಾರ. ನೀರ್ ಹಾಕಾಕ ನಾ ಒಬ್ಬನ ಅದೀನಿ. ಟ್ಯಾಂಕರಿಗೆ ಡೀಸೆಲ್ ಹಾಕಸಾಕ ಬಿಲ್ ಯಾವ ಖಾತೇದಾಗ ಬರೀಬೇಕು ಅಂತ ಆಫೀಸ್ನ್ಯಾಗ ಕೇಳ್ತಾರ.”

ಆ ಮಾತು ಕೇಳಿ ಬಜೆಟ್ ಪುಸ್ತಕ ಮತ್ತೆ ತೆರೆದೆ. ಸಸಿ ನೆಡುವುದಕ್ಕೆ ಒಂದು ಸಾಲು ಇದೆ. ನೀರು ಹಾಕುವುದಕ್ಕೆ ಸಾಲೇ ಇಲ್ಲ. ಎಷ್ಟು ಬೇಕಿತ್ತು ಅಂತ ನೋಡೋಣ. 500 ಗಿಡ, ಗಿಡಕ್ಕೆ ವಾರಕ್ಕೊಮ್ಮೆ 20 ಲೀಟರ್ ಅಂದರೆ 10 ಸಾವಿರ ಲೀಟರ್, ಅಂದರೆ 5 ಸಾವಿರ ಲೀಟರಿನ ಎರಡು ಟ್ಯಾಂಕರ್. ಡಿಸೆಂಬರಿನಿಂದ ಮೇ ಕೊನೆವರೆಗೆ 26 ವಾರ, 52 ಟ್ಯಾಂಕರ್. ಟ್ಯಾಂಕರಿಗೆ 600 ರೂಪಾಯಿ ಅಂತ ಹಿಡಿದರೂ 31,200 ರೂಪಾಯಿ. ಇಬ್ಬರ ಕೂಲಿ ಬೇರೆ ಸೇರಿಸಿ. ಒಂದು ಓಣಿಯ ಸಿಸಿ ರಸ್ತೆಗೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಮೂರು ಬೇಸಿಗೆ ಹೀಗೆ ದಾಟಿಸಿದರೆ ಬೇವು, ಹೊಂಗೆ ಆಮೇಲೆ ತಾವೇ ಬದುಕಿಕೊಳ್ಳುತ್ತವೆ. ಪ್ರತಿ ವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ ಇಡುವ ಖರ್ಚೂ ಉಳಿಯುತ್ತೆ. ಡಿವೈಡರ್ ನಡುವೆ ತಾಳೆ ಜಾತಿಯ ಗಿಡ ಹಚ್ಚುವುದನ್ನು ಬಿಟ್ಟು ನೆರಳು ಕೊಡುವ ಗಿಡ ಹಚ್ಚಿ ಅನ್ನುವುದು ನನ್ನ ಇನ್ನೊಂದು ತಕರಾರು. ಬಸ್ಸಿಗೆ ಕಾಯುವ ಮುದುಕರು ತಾಳೆಯ ಕೆಳಗೆ ಎಲ್ಲಿ ನಿಲ್ಲಬೇಕು?

ಕೊಪ್ಪಳದ ಹಿರೇಹಳ್ಳದ ಕೆಲಸ ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು, ಹಳ್ಳಿಗಳ ಜನ ಕೈ ಜೋಡಿಸಿದರು, ಮುಳ್ಳುಕಂಟಿ, ಹೂಳು ತುಂಬಿದ್ದ ಹಳ್ಳ ಮತ್ತೆ ಹಳ್ಳವಾಗಿ ಕಂಡಿತು. ಅದನ್ನು ನೋಡಿ ಬೇರೆ ಊರಿನವರಿಗೂ ತಮ್ಮ ಕೆರೆ ಹಳ್ಳ ನೆನಪಾದವು. ನಮ್ಮೂರಿನ ಹಳ್ಳವನ್ನೂ ಒಮ್ಮೆ ಜೆಸಿಬಿ ಹಚ್ಚಿ ಬಳಿದರು. ಊರಿನ ಚರಂಡಿಗಳ ಬಾಯಿ ಮಾತ್ರ ಅದಕ್ಕೇ ತೆರೆದಿತ್ತು. ಎರಡು ಮಳೆಗಾಲದಲ್ಲಿ ಪ್ಲಾಸ್ಟಿಕ್, ಹೂಳು, ಆಪು ಹುಲ್ಲು ಎಲ್ಲ ವಾಪಸ್. ಜನರ ಶ್ರಮದಾನ ಹಳ್ಳವನ್ನು ಒಮ್ಮೆ ತೊಳೆಯಬಲ್ಲದು. ಚರಂಡಿ ನೀರು ಶುದ್ಧ ಮಾಡಿ ಬಿಡುವುದು, ಚರಂಡಿ ಬಾಯಿಗೆ ಜಾಲರಿ ಹಾಕಿ ವಾರಕ್ಕೊಮ್ಮೆ ಕಸ ತೆಗೆಸುವುದು ವರ್ಷವಿಡೀ ನಡೆಯಬೇಕಾದ ಕೆಲಸ, ಅದಕ್ಕೆ ಸಂಬಳದ ಜನ ಬೇಕು. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರು ಅನ್ನುವುದು ಸರ್ಕಾರದ ಲೆಕ್ಕ. 40 ಸಾವಿರ ಜನರ ಊರಿಗೆ 57 ಜನ. ನಿಮ್ಮೂರಿನಲ್ಲಿ ಬೆಳಿಗ್ಗೆ ಆರಕ್ಕೆ ಹಾಜರಿ ಹಾಕುವ ಜಾಗಕ್ಕೆ ಹೋಗಿ ಎಣಿಸಿ ನೋಡಿ.

ಕಸದ ಬಗ್ಗೆ ಹೆಚ್ಚು ಬರೆಯಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ನಿಯಮ ಹೇಳುತ್ತೆ, ಗಾಡಿ ಹಾಡು ಹಾಕಿಕೊಂಡು ಬರುತ್ತೆ. ನಾವು ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲಿ ಒಂದೇ ಡಬ್ಬಕ್ಕೆ ಸುರಿದರೆ ಯಾರಿಗೆ ಹುರುಪು ಉಳಿಯುತ್ತೆ? ಗಾಡಿಗೆ ನಡುವೆ ಒಂದು ತಗಡು ಹಾಕಿಸಿ ಎರಡು ಪಾಲು ಮಾಡಿಸಿ, ಅಷ್ಟೇ ನನ್ನ ಬೇಡಿಕೆ.

ಇದಕ್ಕೆಲ್ಲ ಯಾರನ್ನು ಕೇಳಬೇಕು ಅನ್ನುವುದೂ ಒಂದು ಪ್ರಶ್ನೆ. 2018ರಲ್ಲಿ ಚುನಾವಣೆ ನಡೆದ ಪುರಸಭೆಗಳಲ್ಲಿ ಗೆದ್ದವರಿಗೆ ಅಧ್ಯಕ್ಷ-ಉಪಾಧ್ಯಕ್ಷ ಮೀಸಲಾತಿಯ ತಕರಾರಿನಿಂದ 2020ರ ಕೊನೆವರೆಗೆ ಅಧಿಕಾರವೇ ಸಿಗಲಿಲ್ಲ. ಮೊದಲ ಅವಧಿ ಮುಗಿದ ಮೇಲೆ 2023ರಿಂದ 2024ರ ಆಗಸ್ಟ್‌ವರೆಗೆ ಮತ್ತೆ ಅದೇ ಕಥೆ. ಆ ವರ್ಷಗಳ ಬಜೆಟ್ ಮಾಡಿದ್ದು ಆಡಳಿತಾಧಿಕಾರಿಗಳು. ಅವರಿಗೆ ಅದರ ಜತೆ ನೂರೆಂಟು ಕೆಲಸ. ಓಣಿಯ ಸದಸ್ಯರ ಮನೆ ಬಾಗಿಲು ಬಡಿದರೆ, “ನಮ್ಮ ಕೈಯಾಗ ಏನೈತ್ರಿ ಸರ” ಅನ್ನುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸಣ್ಣ ಊರಿನ ಚುನಾವಣೆ ತಡವಾದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗಲ್ಲ, ಇಲ್ಲಿ ನಮ್ಮ ಓಣಿಯ ದೀಪಕ್ಕೆ ಗೊತ್ತಾಗುತ್ತೆ.

ಆದರೂ ಒಂದು ಬಾಗಿಲು ಇದೆ. ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತಾರೆ, ಚಳಿಗಾಲದಲ್ಲಿ. ನಾನು ಹೋಗುತ್ತೇನೆ. ಪ್ರತಿ ಸಲವೂ ಅವೇ ಹತ್ತಿಪ್ಪತ್ತು ಮುಖ. ಬಂದವರೂ ಕೇಳುವುದು ನಮ್ಮ ಓಣಿಗೆ ರಸ್ತೆ, ನಮ್ಮ ಸಮುದಾಯಕ್ಕೆ ಭವನ, ನಮ್ಮ ವೃತ್ತಕ್ಕೆ ಹೈಮಾಸ್ಟ್ ದೀಪ. ಬೇಡ ಅನ್ನುತ್ತಿಲ್ಲ. ಈ ಸಲ ಇನ್ನೂ ನಾಲ್ಕು ಪ್ರಶ್ನೆ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ಹೋದ ವರ್ಷದ ಅಂದಾಜಿನಲ್ಲಿ ನಿಜವಾಗಿ ಖರ್ಚಾದದ್ದು ಎಷ್ಟು? ಶೇ 24.10, 7.25 ಮತ್ತು 5ರ ಹಣ ಯಾರಿಗೆ ಮುಟ್ಟಿತು? ಬೇಸ್‌ಮೆಂಟ್ ಪಾರ್ಕಿಂಗ್ ತೋರಿಸಿ ಪರವಾನಗಿ ಪಡೆದ ಕಟ್ಟಡಗಳ ಪಟ್ಟಿ ಎಲ್ಲಿ? ಗಿಡಕ್ಕೆ ನೀರು ಹಾಕಲು ಎಷ್ಟು ಇಟ್ಟಿದ್ದೀರಿ, ಯಾವ ಲೆಕ್ಕ ಶೀರ್ಷಿಕೆಯಲ್ಲಿ? ಕೊನೆಯದ್ದನ್ನು ನಾನು ಹೋದ ಸಲ ಬಾಯಿಮಾತಿನಲ್ಲಿ ಕೇಳಿದ್ದೆ, ನೋಡೋಣ್ರಿ ಅಂದರು, ನಡಾವಳಿಯಲ್ಲಿ ಬರಲಿಲ್ಲ. ಈ ಸಲ ಬರೆದುಕೊಡುತ್ತೇನೆ.

ನೀವೂ ಬರೆದುಕೊಡಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಜೆಟ್ ಪುಸ್ತಕ ಕೊಡಲ್ಲ ಅಂದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಜ ಹೇಳಬೇಕೆಂದರೆ 2005ರ ಆ ಕಾಯ್ದೆಯ 4ನೇ ಕಲಮಿನ ಪ್ರಕಾರ ಅದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪುಸ್ತಕ ಕೈಗೆ ಬಂದ ಮೇಲೆ ಅರ್ಥವಾಗದಿದ್ದರೆ ನನ್ನ ಆಫೀಸಿಗೆ ತನ್ನಿ, ಸಂಜೆ ಏಳರ ಮೇಲೆ ಖಾಲಿ ಇರುತ್ತೇನೆ, ಕೂತು ಸಾಲು ಸಾಲೂ ಓದೋಣ. ರಿಟರ್ನ್ ತುಂಬುವ 20ನೇ ತಾರೀಕು ಒಂದು ಬಿಟ್ಟು.